ಬಿಟ್ಟು ಹೋದ ಕೌದಿ

ನಮ್ಮ ರಾಯಚೂರು ಸೀಮೆಯ ಮಕ್ಕಳಿಗೆ ಉಷ್ಣದ ಪಾಠ ಹೇಳುವುದು ಬಲು ಸುಲಭ. ಮಾರ್ಚ್ ತಿಂಗಳ ಮಧ್ಯಾಹ್ನ ಶಾಲೆಯ ಕಬ್ಬಿಣದ ಗೇಟು ಮುಟ್ಟಿಸಿದರೆ ವಹನವೆಂದರೆ ಏನೆಂದು ತಿಳಿಯುತ್ತದೆ. ಬೇವಿನ ಮರದ ನೆರಳಿನಿಂದ ಎರಡು ಹೆಜ್ಜೆ ಆಚೆ ನಿಲ್ಲಿಸಿದರೆ ವಿಕಿರಣ ತಾನಾಗಿಯೇ ಅರ್ಥವಾಗುತ್ತದೆ. ಕಷ್ಟವಿರುವುದು ಚಳಿಯ ಪಾಠದಲ್ಲಿ. ‘ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ’ ಎಂದು ಕಪ್ಪು ಹಲಗೆಯ ಮೇಲೆ ಇಪ್ಪತ್ತೈದು ವರ್ಷಗಳಿಂದ ಬರೆಯುತ್ತಿದ್ದೇನೆ. ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಗುಂಜಹಳ್ಳಿಯ ಮಕ್ಕಳಿಗೆ ವಿಜ್ಞಾನ ಹೇಳುತ್ತಿರುವ ನಾನು ಇವತ್ತಿನವರೆಗೂ ಹಿಮ ಕಂಡವನಲ್ಲ. ಕಾಣದ ಚಳಿಯ ಬಗ್ಗೆ ಒಬ್ಬ ಹುಡುಗನಿಗೆ ಬುದ್ಧಿ ಹೇಳಲು ಹೋಗಿ ತಪ್ಪು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸುವ ತಂದೆತಾಯಿಗಳಿಗೆ ಇದರಿಂದ ಏನಾದರೂ ಉಪಯೋಗವಾದೀತು.

ಮೊದಲು ಮಂಜುಗಡ್ಡೆಯ ಪ್ರಯೋಗದ ವಿಷಯ ಹೇಳಿಬಿಡುತ್ತೇನೆ. ಪ್ರತಿ ವರ್ಷ ಉಷ್ಣದ ಪಾಠ ಬಂದಾಗ ರಾಯಚೂರಿನಿಂದ ಒಂದು ಮಂಜುಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ ತರುತ್ತೇನೆ. ಅದನ್ನು ಎರಡು ಭಾಗ ಮಾಡಿ, ಒಂದನ್ನು ತಟ್ಟೆಯಲ್ಲಿ ತೆರೆದಿಟ್ಟು, ಇನ್ನೊಂದನ್ನು ಕುರಿಯ ಉಣ್ಣೆಯ ಕಂಬಳಿಯಲ್ಲಿ ಸುತ್ತಿ ಇಡುತ್ತೇನೆ. ‘ಯಾವುದು ಮೊದಲು ಕರಗುತ್ತದೆ?’ ಎಂದು ಕೇಳಿದರೆ ಇಡೀ ತರಗತಿ ‘ಕಂಬಳಿಯಾಗಿನದು’ ಎಂದು ಕೂಗುತ್ತದೆ. ಎರಡು ಪೀರಿಯಡ್ ಕಳೆದ ಮೇಲೆ ನೋಡಿದರೆ ತಟ್ಟೆಯ ತುಂಬ ನೀರು. ಕಂಬಳಿ ಬಿಚ್ಚಿದರೆ ಗಡ್ಡೆ ಇನ್ನೂ ಗಟ್ಟಿಯಾಗಿ ಕುಳಿತಿರುತ್ತದೆ.

ಈ ಉಪಾಯ ನನ್ನದಲ್ಲ. ನಾನು ಕಾಲೇಜಿನಲ್ಲಿದ್ದಾಗ ನವಕರ್ನಾಟಕದವರ ಪುಸ್ತಕ ಪ್ರದರ್ಶನಗಳಲ್ಲಿ ಸೋವಿಯತ್ ದೇಶದ ಪುಸ್ತಕಗಳು ಬಹಳ ಅಗ್ಗವಾಗಿ ಸಿಗುತ್ತಿದ್ದವು. ಯಾಕೋವ್ ಪೆರೆಲ್ಮನ್ ಎಂಬ ಲೇಖಕ ಅಲ್ಲಿ ‘ಉಣ್ಣೆಯ ಕೋಟು ನಮ್ಮನ್ನು ಬೆಚ್ಚಗೆ ಮಾಡುತ್ತದೆಯೇ?’ ಎಂಬ ಪ್ರಶ್ನೆ ಎತ್ತಿ, ಇಲ್ಲವೆಂದು ತೋರಿಸಿದ್ದರು. ಕೋಟಿಗೆ ತನ್ನದೆಂಬ ಶಾಖವಿಲ್ಲ. ಅದು ನಮ್ಮ ಮೈಯ ಶಾಖ ಹೊರಗೆ ಓಡದಂತೆ ತಡೆಯುತ್ತದೆ, ಅಷ್ಟೇ. ಜಗತ್ತಿನ ಲಕ್ಷಾಂತರ ಮಕ್ಕಳಿಗೆ ವಿಜ್ಞಾನದ ರುಚಿ ಹಚ್ಚಿದ ಆ ಮನುಷ್ಯ 1942ರ ಮಾರ್ಚ್‌ನಲ್ಲಿ, ಜರ್ಮನ್ ಸೈನ್ಯದ ಮುತ್ತಿಗೆಯಲ್ಲಿದ್ದ ಲೆನಿನ್‌ಗ್ರಾಡಿನಲ್ಲಿ, ಅನ್ನವಿಲ್ಲದೆ ತೀರಿಕೊಂಡರು ಎಂದು ಬಹಳ ವರ್ಷಗಳ ನಂತರ ಓದಿ ತಿಳಿದೆ. ಅಂದಿನಿಂದ ಕಂಬಳಿ ಬಿಚ್ಚುವಾಗ ಒಂದು ಕ್ಷಣ ಅವರು ನೆನಪಾಗುತ್ತಾರೆ.

ಒಂದು ವರ್ಷ ಈ ಪ್ರಯೋಗ ಮುಗಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಹಂಗಾದ್ರ ಕಂಬಳಿ ಬೆಚ್ಚಗ ಮಾಡಂಗಿಲ್ಲೇನ್ರಿ ಸರ?’ ಎಂದು ಕೇಳಿದ. ‘ಇಲ್ಲ ತಮ್ಮಾ, ನಿನ್ನ ಬಿಸಿ ನಿನ್ನ ಹತ್ರನ ಇರಂಗ ನೋಡಿಕೊಳ್ಳತದ’ ಎಂದೆ. ಹತ್ತಿ, ತೊಗರಿ ಬೆಳೆಯುವ ರೈತನ ಮಗ. ಎಸ್ಸೆಸ್ಸೆಲ್ಸಿಯಲ್ಲೂ ಪಿಯುಸಿಯಲ್ಲೂ ಒಳ್ಳೆಯ ಅಂಕ ಪಡೆದ. ಡಾಕ್ಟರಾಗಬೇಕೆಂಬುದು ಅವನ ಹಟ. 2020ರ ನೀಟ್ ಪರೀಕ್ಷೆಯಲ್ಲಿ ಅರ್ಹತೆ ಸಿಕ್ಕಿತು, ಸರ್ಕಾರಿ ಸೀಟು ಸಿಗಲಿಲ್ಲ. ರಾಯಚೂರಿನಲ್ಲಿಯೇ ವೈದ್ಯಕೀಯ ಕಾಲೇಜುಗಳಿವೆ, ನಮ್ಮ ಭಾಗಕ್ಕೆ 371(ಜೆ) ಮೀಸಲಾತಿಯೂ ಇದೆ. ಆದರೂ ಸೀಟುಗಳಿಗಿಂತ ಆಸೆಗಳ ಸಂಖ್ಯೆ ದೊಡ್ಡದು. ಖಾಸಗಿ ಕಾಲೇಜಿನ ಶುಲ್ಕವಂತೂ ಕೇಳಿಯೇ ಕೈಮುಗಿಯಬೇಕು.

ಕೊರೊನಾ ಒಂದು ವರ್ಷ ನುಂಗಿತು. 2021ರಲ್ಲಿ ಒಂದು ಸಂಜೆ ತಂದೆ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಕೈಯಲ್ಲಿ ಏಜೆಂಟೊಬ್ಬ ಕೊಟ್ಟ ಬಣ್ಣದ ಕರಪತ್ರ. ರಷ್ಯಾದ ಕಜಾನ್ ನಗರ. ಆರು ವರ್ಷದ ಓದು. ನಮ್ಮಲ್ಲಿಯ ಖಾಸಗಿ ಕಾಲೇಜಿನ ಖರ್ಚಿನಲ್ಲಿ ಸಣ್ಣದೊಂದು ಪಾಲು. ಕರಪತ್ರದ ತುಂಬ ಹಸಿರು ಹುಲ್ಲು, ಹೂವು, ತೆಳು ಅಂಗಿ ತೊಟ್ಟು ನಗುವ ಹುಡುಗರು. ಹುಡುಕಿದರೂ ಒಂದು ಚಿತ್ರದಲ್ಲಿಯೂ ಹಿಮವಿರಲಿಲ್ಲ! ಅದು ಆಗ ನನ್ನ ಕಣ್ಣಿಗೆ ಬೀಳಲಿಲ್ಲ.

‘ಸರ, ನೀವು ಹೂಂ ಅಂದ್ರ ಕಳಸ್ತೀನಿ, ಬ್ಯಾಡ ಅಂದ್ರ ಇಲ್ಲ’ ಎಂದರು ಆ ತಂದೆ.

ಹಳ್ಳಿಯಲ್ಲಿ ಮಾಸ್ತರನ ಮಾತಿಗೆ ಇನ್ನೂ ಇಷ್ಟು ಬೆಲೆ ಇದೆ. ಅದು ನಮಗೆ ಹೆಮ್ಮೆಯೂ ಹೌದು, ಭಾರವೂ ಹೌದು. ನಾನು ಕಜಾನಿನ ಹೆಸರು ಕೇಳಿದ್ದೆ. ರುಥೇನಿಯಂ ಎಂಬ ಧಾತುವನ್ನು 1844ರಲ್ಲಿ ಕಾರ್ಲ್ ಕ್ಲೌಸ್ ಕಂಡುಹಿಡಿದದ್ದು ಅಲ್ಲಿಯೇ. ಸಮಾಂತರ ರೇಖೆಗಳ ಬಗ್ಗೆ ಜಗತ್ತಿನ ತಿಳಿವಳಿಕೆಯನ್ನೇ ಬದಲಿಸಿದ ಲೋಬಚೆವ್‌ಸ್ಕಿ ಅಲ್ಲಿಯ ವಿಶ್ವವಿದ್ಯಾಲಯದ ಮುಖ್ಯಸ್ಥನಾಗಿದ್ದ. ಈ ಎರಡು ಸಂಗತಿ ಗೊತ್ತಿದ್ದ ಮಾತ್ರಕ್ಕೆ ಊರೇ ಗೊತ್ತಿದ್ದವನ ಹಾಗೆ ‘ಕಳಿಸ್ರಿ, ಒಳ್ಳೇ ಊರು’ ಎಂದುಬಿಟ್ಟೆ. ಅವರು ಎರಡು ಎಕರೆ ಹೊಲ ಅಡವಿಟ್ಟರು.

ಹೊರಡುವ ಹಿಂದಿನ ದಿನ ಅವರ ಮನೆಗೆ ಹೋಗಿದ್ದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಬೆಲ್ಲ ಎಲ್ಲ ಗಂಟು ಕಟ್ಟಿದ್ದರು. ಪಕ್ಕದಲ್ಲಿ ಒಂದು ಹೊಸ ಕೌದಿ. ಅಜ್ಜಿಯ ಸೀರೆ, ಅವ್ವನ ಸೀರೆ, ಹಳೆಯ ಧೋತರ ಪದರಿನ ಮೇಲೆ ಪದರು ಹಾಸಿ, ಸಾಲಾಗಿ ಹೊಲಿಗೆ ಹಾಕಿ ಅವನ ತಾಯಿ ಎರಡು ತಿಂಗಳು ಕುಳಿತು ಹೊಲಿದದ್ದು. ಪೆಟ್ಟಿಗೆಯ ತೂಕ ಮೂವತ್ತು ಕಿಲೋ ದಾಟುತ್ತಿತ್ತು. ಯಾವುದನ್ನು ಬಿಡಬೇಕು ಎಂಬ ಚರ್ಚೆ ಎದ್ದಿತು. ‘ಸರ, ಕೌದಿ ಒಯ್ಯಲಿ ಅಂತ ನೀವರೆ ಹೇಳ್ರಿ’ ಎಂದಳು ಆ ತಾಯಿ.

ನಾನು ಹೇಳಿದ್ದೇನು ಗೊತ್ತೆ? ‘ಅಮ್ಮಾ, ಅಲ್ಲಿಯ ಚಳಿಗೆ ಈ ಕೌದಿ ಎಲ್ಲಿ ಸಾಲತದ? ಅಲ್ಲೇ ದಪ್ಪ ಜಾಕೀಟು ಕೊಳ್ಳಲಿ. ಇದು ಸುಮ್ನೆ ತೂಕ.’ ಕೌದಿ ಮನೆಯಲ್ಲಿ ಉಳಿಯಿತು.

ಹುಡುಗ ಸೆಪ್ಟೆಂಬರ್ ಮೂರನೇ ವಾರ ಮಾಸ್ಕೋ ತಲುಪಿ, ಅಲ್ಲಿಂದ ರಾತ್ರಿಯ ರೈಲಿನಲ್ಲಿ ಎಂಟುನೂರು ಕಿಲೋಮೀಟರ್ ಪೂರ್ವಕ್ಕೆ ಹೋಗಿ ಕಜಾನ್ ಸೇರಿದ. ಇಲ್ಲಿ ಅವನಿಗೂ ನನಗೂ ಗೊತ್ತಿಲ್ಲದ ಒಂದು ಸಂಗತಿ ಕಾದಿತ್ತು.

ರಷ್ಯಾದ ನಗರಗಳಲ್ಲಿ ಮನೆಮನೆಗೆ ಕೊಳವೆಗಳಲ್ಲಿ ಬಿಸಿನೀರು ಹರಿಸಿ ಕೋಣೆಗಳನ್ನು ಬೆಚ್ಚಗಿಡುತ್ತಾರೆ. ನಮ್ಮ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಲ್ಲಿದ್ದಲು ಉರಿಸಿ ಬಂದ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ವಿದ್ಯುತ್ತಾಗುತ್ತದೆ. ಉಳಿದದ್ದು ನೀರಿಗೂ ಗಾಳಿಗೂ ಹೋಗುತ್ತದೆ. ಈಗಾಗಲೇ ಬೇಯುತ್ತಿರುವ ರಾಯಚೂರಿಗೆ ಆ ಶಾಖ ಬೇಡ. ಅಲ್ಲಿ ಅದೇ ಶಾಖಕ್ಕೆ ಚಿನ್ನದ ಬೆಲೆ. ವಿದ್ಯುತ್ ಕೇಂದ್ರದಲ್ಲಿ ಉಳಿದ ಶಾಖವನ್ನೇ ಊರಿಗೆ ಹಂಚುತ್ತಾರೆ. ಆದರೆ ಅದನ್ನು ಬೇಕೆಂದಾಗ ಹಚ್ಚಿಕೊಳ್ಳುವ ಗುಂಡಿ ನಮ್ಮ ಕೋಣೆಯಲ್ಲಿ ಇರುವುದಿಲ್ಲ. ದಿನದ ಸರಾಸರಿ ಉಷ್ಣತೆ ಸತತ ಐದು ದಿನ 8 ಡಿಗ್ರಿಗಿಂತ ಕೆಳಗಿದ್ದರೆ ಊರಿಗೆಲ್ಲ ಒಟ್ಟಿಗೆ ಬಿಸಿನೀರು ಬಿಡುತ್ತಾರೆ. ಅಲ್ಲಿಯವರೆಗೆ ಕಲ್ಲಿನ ಕಟ್ಟಡ ದಿನದಿನಕ್ಕೆ ತಣ್ಣಗಾಗುತ್ತಿರುತ್ತದೆ.

ಹೀಗೆ, ಹಿಮ ಬೀಳುವ ಮೊದಲೇ ನಮ್ಮ ಹುಡುಗ ಹತ್ತು ಹನ್ನೆರಡು ರಾತ್ರಿ ಹಾಸ್ಟೆಲಿನ ಒಂದು ತೆಳು ಹೊದಿಕೆಯಲ್ಲಿ ನಡುಗಿದ. ಜಾಕೀಟು ಹೊದ್ದು ಮಲಗಿದರೆ ಕಾಲು ಹೊರಗೆ, ಕಾಲಿಗೆ ಹಾಕಿಕೊಂಡರೆ ಎದೆ ಹೊರಗೆ. ಜ್ವರ ಬಂತು. ಫೋನಿನಲ್ಲಿ ತಾಯಿಗೆ ಮಾತ್ರ ಹೇಳಿದ. ಅವಳು ನನ್ನ ಹತ್ತಿರ ಬಂದು ದೂರಲಿಲ್ಲ. ‘ಕೌದಿ ಇದ್ದಿದ್ರ ಛಲೋ ಇತ್ತು ಅಂತಾನ್ರಿ’ ಎಂದಷ್ಟೇ ಹೇಳಿದಳು. ಆ ಮಾತು ಕೇಳಿ ನನಗೆ ನೆಲ ಬಿರಿದು ಒಳಗೆ ಹೋಗಬಾರದೆ ಅನ್ನಿಸಿತು. ಕೌದಿಯ ಶಕ್ತಿ ಬಟ್ಟೆಯಲ್ಲಿ ಇಲ್ಲ, ಪದರುಗಳ ನಡುವೆ ಸಿಕ್ಕಿಬಿದ್ದು ಅಲುಗಾಡದೆ ನಿಂತ ಗಾಳಿಯಲ್ಲಿದೆ ಎಂದು ಪರೀಕ್ಷೆಗೆ ಎರಡು ಅಂಕದ ಉತ್ತರ ಬರೆಸುವವನು ನಾನೇ. ಆ ಪಾಠ ಪುಸ್ತಕದಿಂದ ಆಚೆ ಬಂದು ಎದುರಿಗೆ ನಿಂತಾಗ ಗುರುತು ಸಿಗಲಿಲ್ಲ.

ದೊಡ್ಡವರಿಗೂ ಹೀಗಾದದ್ದುಂಟು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ 1914ರಲ್ಲಿ ಕೇಂಬ್ರಿಜ್‌ಗೆ ಹೋದರು. ಅಲ್ಲಿಯೇ ಓದುತ್ತಿದ್ದ ಪ್ರಶಾಂತಚಂದ್ರ ಮಹಾಲನೋಬಿಸ್, ಮುಂದೆ ನಮ್ಮ ದೇಶದ ಸಂಖ್ಯಾಶಾಸ್ತ್ರಕ್ಕೆ ಅಡಿಪಾಯ ಹಾಕಿದವರು, ಒಮ್ಮೆ ಅವರ ಕೋಣೆಗೆ ಹೋದರು. ರಾತ್ರಿ ಚಳಿ ತಡೆಯಲಾಗುತ್ತಿಲ್ಲ, ಓವರ್‌ಕೋಟು ಹಾಕಿಕೊಂಡು ಶಾಲು ಹೊದ್ದು ಮಲಗುತ್ತೇನೆ ಎಂದರಂತೆ ರಾಮಾನುಜನ್. ಹಾಸಿಗೆ ನೋಡಿದರೆ ಕಂಬಳಿಗಳೆಲ್ಲ ಅದರ ಮೇಲೆಯೇ ಬಿಗಿಯಾಗಿ ಸಿಕ್ಕಿಸಿಟ್ಟಿವೆ! ಅವುಗಳ ಒಳಗೆ ತೂರಿ ಮಲಗಬೇಕೆಂಬುದು ಅವರಿಗೆ ತಿಳಿದಿರಲಿಲ್ಲ, ಮೇಲೆಯೇ ಮಲಗುತ್ತಿದ್ದರು. ಮಹಾಲನೋಬಿಸ್ ಕಂಬಳಿ ಸರಿಸಿ ತೋರಿಸಿಕೊಟ್ಟರು. ಅನಂತವನ್ನು ಅಂಗೈಯಲ್ಲಿ ಆಡಿಸಿದ ಮಹಾಮೇಧಾವಿಗೆ ಕಂಬಳಿ ಹೊದೆಯುವ ಬಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವರಿಗೆ ಕೇಳಲು ಸಂಕೋಚ. ಅವರು 1917ರಲ್ಲಿ ಕಾಯಿಲೆ ಬಿದ್ದರು, 1919ರಲ್ಲಿ ಮರಳಿದರು, 1920ರಲ್ಲಿ 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಚಳಿಯೊಂದೇ ಕಾರಣವೆನ್ನಲಾಗದು. ಆದರೆ ಪರದೇಶದ ಒಂಟಿತನ, ಹೊಂದದ ಊಟ, ಚಳಿ ಮೂರೂ ಸೇರಿದರೆ ಎಂಥ ಮೇಧಾವಿಯೂ ಬಳಲುತ್ತಾನೆ.

ನಮ್ಮ ಕನ್ನಡ ನಾಡಿನಿಂದಲೂ ಹಿಂದೆ ಎಷ್ಟೋ ಮಂದಿ ಹೀಗೆ ಹೋಗಿ ಓದಿ ಬಂದಿದ್ದಾರೆ. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ಎರಡನೇ ಮಹಾಯುದ್ಧದ ಬೆನ್ನಿಗೇ ಲಂಡನ್ನಿನಲ್ಲಿ ಸಂಶೋಧನೆ ಮಾಡಿದರು. 1947ರ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಬಿದ್ದ ಹಿಮ ಮತ್ತು ಕಲ್ಲಿದ್ದಲಿನ ಕೊರತೆಯ ಕಥೆ ಚರಿತ್ರೆಯಲ್ಲಿ ದಾಖಲಾಗಿದೆ. ನಂಜನಗೂಡಿನ ರಾಜೇಶ್ವರಿ ಚಟರ್ಜಿಯವರು 1947ರಲ್ಲಿ ಹಡಗಿನಲ್ಲಿ ಅಮೆರಿಕಕ್ಕೆ ಹೋಗಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, 1953ರಲ್ಲಿ ಡಾಕ್ಟರೇಟ್ ಪಡೆದು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಮರಳಿದರು. ಮಿಷಿಗನ್ನಿನ ಚಳಿ ಇಂಗ್ಲೆಂಡಿನದಕ್ಕಿಂತ ಬಿರುಸು. ಆ ಕಾಲದಲ್ಲಿ ಮನೆಯಿಂದ ಒಂದು ಕಾಗದ ಬರಬೇಕಾದರೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕಿತ್ತು. ಈಗ ಬೆರಳು ತಾಗಿಸಿದರೆ ಮಗನ ಮುಖ ಕಾಣುತ್ತದೆ. ಹಾಗಿದ್ದರೂ ಮುಖ ಕಂಡಮಾತ್ರಕ್ಕೆ ಮಗನ ಪಾಡು ಕಂಡಂತಲ್ಲ. ಅದು ನಮಗೆ ಎರಡನೇ ಚಳಿಗಾಲದಲ್ಲಿ ತಿಳಿಯಿತು.

ಮೊದಲ ವರ್ಷ ಹುಡುಗ ಹೇಗೋ ಕಲಿತುಕೊಂಡ. ಒಂದು ದಪ್ಪ ಬಟ್ಟೆಗಿಂತ ಮೂರು ತೆಳು ಪದರು ಮೇಲು. ಒಳಗಿನದು ಬೆವರು ಹೀರಿ ಒದ್ದೆಯಾಗಿ ಉಳಿಯುವ ಹತ್ತಿಯದಾಗಿರಬಾರದು, ನಡುವಿನದು ಉಣ್ಣೆಯಂಥದು, ಹೊರಗಿನದು ಗಾಳಿ ತಡೆಯುವಂಥದು. ಹತ್ತಿ ಬೆಳೆದು ಹತ್ತಿಯನ್ನೇ ತೊಡುವ ನಮಗೆ ಇದು ಹೊಸ ಮಾತು. ಮೈನಸ್ 20 ಡಿಗ್ರಿಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 30ರಂತೆ ತಾಗುತ್ತದೆ. ಮೈಯ ಸುತ್ತ ಬೆಚ್ಚಗಾದ ಗಾಳಿಯ ಪದರನ್ನು ಗಾಳಿ ಕಿತ್ತುಕೊಂಡು ಹೋಗುವುದೇ ಇದಕ್ಕೆ ಕಾರಣ. ಕಿವಿ, ಮೂಗು, ಬೆರಳು ಬಿಳಿಚಿ ಜೋಮು ಹಿಡಿದರೆ ತಿಕ್ಕಬಾರದು, ಬೆಂಕಿಗೆ ಹಿಡಿಯಬಾರದು. ಒಳಗೆ ಹೋಗಿ ಉಗುರುಬೆಚ್ಚಗಿನ ನೀರಿನಲ್ಲಿಟ್ಟು ವೈದ್ಯರಿಗೆ ತೋರಿಸಬೇಕು.

ಒಳಗಡೆಯ ಕಷ್ಟ ಇನ್ನೊಂದು ಬಗೆಯದು. ಮೈನಸ್ 20ರ ಗಾಳಿ ಒಂದು ಘನ ಮೀಟರಿನಲ್ಲಿ ಸುಮಾರು ಒಂದು ಗ್ರಾಂ ನೀರಾವಿಯನ್ನು ಮಾತ್ರ ಹಿಡಿದಿಡಬಲ್ಲದು. ಇಪ್ಪತ್ತು ಡಿಗ್ರಿಯ ಗಾಳಿ ಹದಿನೇಳು ಗ್ರಾಂ. ಹೊರಗಿನ ಆ ಒಣಗಾಳಿ ಕೋಣೆಯೊಳಗೆ ಬಂದು ಬಿಸಿಯಾದರೆ ನಮ್ಮ ಬೇಸಿಗೆಯ ಗಾಳಿಗಿಂತಲೂ ಒಣಗಿರುತ್ತದೆ. ತುಟಿ ಒಡೆಯುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ. ಬಿಸಿ ಕೊಳವೆಯ ಮೇಲೆ ಒದ್ದೆ ಟವೆಲು ಹರವುವುದನ್ನು ಹಿರಿಯ ವಿದ್ಯಾರ್ಥಿಗಳು ಹೇಳಿಕೊಟ್ಟರಂತೆ. ವೋಲ್ಗಾ ನದಿ ಹೆಪ್ಪುಗಟ್ಟಿ ಜನ ಅದರ ಮೇಲೆ ಕುಳಿತು ಮೀನು ಹಿಡಿಯುವ ಚಿತ್ರ ಕಳಿಸಿದ್ದ. ನಾವು ಸಂಕ್ರಾಂತಿಗೆ ಕೃಷ್ಣಾ ನದಿಗೆ ಸ್ನಾನಕ್ಕೆ ಹೋಗುತ್ತೇವಷ್ಟೆ? ಅದಾದ ನಾಲ್ಕೈದು ದಿನಕ್ಕೆ, ಜನವರಿ 19ರಂದು, ಅಲ್ಲಿಯ ಕ್ರೈಸ್ತರು ಮಂಜುಗಡ್ಡೆ ಕೊರೆದು ಆ ತೂತಿನಲ್ಲಿ ಮೂರು ಸಲ ಮುಳುಗುತ್ತಾರೆ. ಈ ವಿಷಯ ಹೇಳಿದಾಗ ನಮ್ಮ ಮಕ್ಕಳು ನಂಬಲೇ ಇಲ್ಲ.

ಆಮೇಲೆ 2022ರ ಫೆಬ್ರುವರಿ 24 ಬಂತು. ಯುದ್ಧ ಶುರುವಾಯಿತು. ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ, ದಿನಸಿಗೆಂದು ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯ ವಿದ್ಯಾರ್ಥಿ ದಾಳಿಗೆ ಬಲಿಯಾದ. ಆ ರಾತ್ರಿ ನಮ್ಮ ಹುಡುಗನ ತಂದೆ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು. ಬಹಳ ಹೊತ್ತು ಮಾತಾಡಲಿಲ್ಲ. ಎರಡೂ ದೇಶಗಳ ನಕಾಶೆ ತೆಗೆದು, ಕಜಾನ್ ಎಷ್ಟು ದೂರವಿದೆ ಎಂದು ತೋರಿಸಿ ಸಮಾಧಾನ ಹೇಳಿದೆ. ಹೇಳುವಾಗ ನನ್ನ ಕೈಯೇ ನಡುಗುತ್ತಿತ್ತು. ಅದೇ ತಿಂಗಳು ವೀಸಾ, ಮಾಸ್ಟರ್‌ಕಾರ್ಡ್ ಸಂಸ್ಥೆಗಳು ರಷ್ಯಾದಲ್ಲಿ ವ್ಯವಹಾರ ನಿಲ್ಲಿಸಿದವು. ಇಲ್ಲಿಂದ ಹಣ ಕಳಿಸುವುದೇ ಒಂದು ಸಾಹಸವಾಯಿತು. ಕೈಯಲ್ಲಿದ್ದ ದುಡ್ಡು ಜೋಪಾನ ಮಾಡಲೆಂದು ಹುಡುಗ ಸವೆದ ಬೂಟಿನಲ್ಲೇ ಇನ್ನೊಂದು ಚಳಿಗಾಲಕ್ಕೆ ಕಾಲಿಟ್ಟ. ಹಿಮದ ಮೇಲೆ ಎರಡು ಸಲ ಜಾರಿ ಬಿದ್ದ. ಮನೆಗೆ ಹೇಳಲಿಲ್ಲ.

2022ರ ಡಿಸೆಂಬರ್ 23, ಎಳ್ಳಮಾವಾಸ್ಯೆ. ಹೊಲದಲ್ಲಿ ಚರಗ ಚೆಲ್ಲಿ, ಎಲ್ಲರೂ ಕುಳಿತು ಊಟ ಮಾಡುವಾಗ ಮಗನಿಗೆ ತೋರಿಸೋಣವೆಂದು ತಾಯಿ ಫೋನು ಹಚ್ಚಿದರೆ ಅವನು ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಮೂರನೇ ದಿನ ಅವನ ಕೋಣೆಯ ಜೊತೆಗಾರ ತಾನಾಗಿಯೇ ಫೋನು ಮಾಡಿ, ಹುಡುಗ ಎರಡು ವಾರದಿಂದ ತರಗತಿಗೆ ಹೋಗಿಲ್ಲ, ಹಗಲೆಲ್ಲ ಮಲಗಿರುತ್ತಾನೆ, ಊಟ ಸರಿಯಾಗಿ ಮಾಡುವುದಿಲ್ಲ ಎಂದ. ಆ ಹುಡುಗನಿಗೆ ನಾವು ಎಷ್ಟು ಋಣಿಯಾಗಿದ್ದರೂ ಸಾಲದು.

ಆ ರಾತ್ರಿ ನಾನು ಫೋನು ಮಾಡಿದೆ. ಬಹಳ ಹೊತ್ತಿನ ಮೇಲೆ ಎತ್ತಿದ. ‘ಯಾಕ ತಮ್ಮಾ?’ ಎಂದರೆ ಸುಮ್ಮನಿದ್ದ. ಕೊನೆಗೆ, ‘ಸರ, ಇಲ್ಲಿ ಹೊತ್ತ ಹುಟ್ಟಂಗಿಲ್ರಿ. ಏಳಬೇಕು ಅನಸಂಗಿಲ್ಲ. ಅಪ್ಪ ಹೊಲ ಕಳಕೊಂಡ, ನಾ ಇಲ್ಲಿ ಸುಮ್ನ ಬಿದ್ದೀನಿ’ ಎಂದು ಅತ್ತುಬಿಟ್ಟ.

ಹೊತ್ತು ಹುಟ್ಟುವುದಿಲ್ಲ ಎಂಬುದು ಬರಿಯ ಮಾತಲ್ಲ. ರಾಯಚೂರು 16ನೇ ಅಕ್ಷಾಂಶದ ಆಸುಪಾಸಿನಲ್ಲಿದೆ. ಕಜಾನ್ 56ರ ಹತ್ತಿರ. ಡಿಸೆಂಬರ್ ಕೊನೆಯಲ್ಲಿ ನಮಗೆ ಹನ್ನೊಂದು ಗಂಟೆಗೂ ಮಿಕ್ಕಿ ಹಗಲಿದ್ದರೆ ಅಲ್ಲಿ ಸುಮಾರು ಏಳು ಗಂಟೆ ಮಾತ್ರ. ಬೆಳಿಗ್ಗೆ ಎಂಟು ದಾಟಿದ ಮೇಲೆ ಸೂರ್ಯೋದಯ, ಮಧ್ಯಾಹ್ನ ಮೂರು ದಾಟುತ್ತಲೇ ಸೂರ್ಯಾಸ್ತ. ನಡುಹಗಲಿನಲ್ಲಿಯೂ ಸೂರ್ಯ ದಿಗಂತದಿಂದ ಹನ್ನೊಂದು ಡಿಗ್ರಿ ಮೇಲೇರುವುದಿಲ್ಲ. ಅದೂ ಮೋಡವಿಲ್ಲದಿದ್ದರೆ. ಬೆಳಕು ಕಡಿಮೆಯಾದಾಗ ಕೆಲವರ ಮನಸ್ಸು ಹೀಗೆ ಕುಗ್ಗುವುದನ್ನು 1984ರಲ್ಲಿ ಒಂದು ಕಾಯಿಲೆಯೆಂದು ಗುರುತಿಸಿ ವಿವರಿಸಿದವರು ನಾರ್ಮನ್ ರೋಸೆಂತಾಲ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು. ಅವರು ಬಿಸಿಲಿನ ದಕ್ಷಿಣ ಆಫ್ರಿಕಾದಿಂದ 1976ರಲ್ಲಿ ನ್ಯೂಯಾರ್ಕಿಗೆ ಹೆಚ್ಚಿನ ಓದಿಗೆ ಬಂದವರು. ಮೊದಲ ಚಳಿಗಾಲದಲ್ಲಿ ತಮ್ಮ ಉತ್ಸಾಹವೇ ಉಡುಗಿದ್ದನ್ನು ಕಂಡು ಆ ದಾರಿ ಹಿಡಿದರು. ನಮ್ಮಂಥ ಕಪ್ಪು ಚರ್ಮದವರಿಗೆ ಇನ್ನೊಂದು ತೊಂದರೆ. ಅಷ್ಟು ಓರೆಯಾದ ಚಳಿಗಾಲದ ಬಿಸಿಲಿನಲ್ಲಿ ಮೈಗೆ ಬೇಕಾದ ‘ಡಿ’ ಜೀವಸತ್ವ ತಯಾರಾಗುವುದೇ ಇಲ್ಲ.

ಇದನ್ನೆಲ್ಲ ನಾನು ಆ ವಾರದಲ್ಲಿ ಓದಿ ತಿಳಿದುಕೊಂಡೆ. ಅವನನ್ನು ಕಳಿಸುವ ಮೊದಲು ಓದಬೇಕಿತ್ತು. ಮೊದಲು ವೈದ್ಯರನ್ನು ಕಾಣುವಂತೆ ಒತ್ತಾಯಿಸಿದೆ. ‘ಡಾಕ್ಟರಾಗೋನು ಡಾಕ್ಟರ್ ಹತ್ರ ಹೋಗಾಕ ನಾಚಿಕಿ ಯಾಕ?’ ಎಂದು ಬೈದದ್ದೂ ಆಯಿತು. ಜೊತೆಗಾರ ಅವನನ್ನು ಕರೆದುಕೊಂಡು ಹೋದ. ರಕ್ತ ಪರೀಕ್ಷೆಯಾಯಿತು, ಔಷಧ ಕೊಟ್ಟರು, ಮಾತನಾಡಿಸಿ ಧೈರ್ಯ ಹೇಳಿದರು. ಅವನ ತಂದೆಗೆ ನಾನು ಒಂದೇ ಮಾತು ಹೇಳಿದೆ: ‘ಹೊಲದ ಸುದ್ದಿ ಫೋನಿನ್ಯಾಗ ತೆಗೀಬ್ಯಾಡ್ರಿ.’

ಇನ್ನೊಂದು ಕೆಲಸವನ್ನೂ ಒಪ್ಪಿಸಿದೆ. ದಿನಾಲು ನಡುಹಗಲಿಗೆ ಕೋಣೆಯಿಂದ ಹೊರಗೆ ಬಂದು, ಒಂದು ಮೀಟರ್ ಉದ್ದದ ಕೋಲು ನೆಟ್ಟು, ಅದರ ನೆರಳು ಅಳೆದು ಬರೆದು ಕಳಿಸಬೇಕು. ನಮ್ಮ ಶಾಲೆಯ ಅಂಗಳದಲ್ಲಿ ಒಂಬತ್ತನೆಯ ತರಗತಿಯ ಮಕ್ಕಳು ಅದನ್ನೇ ಮಾಡುತ್ತಾರೆ. ಎರಡನ್ನೂ ಹೋಲಿಸಿ ನೋಡೋಣ ಎಂದೆ. ‘ನಿನ್ನ ಲೆಕ್ಕ ಬರಲಿಲ್ಲ ಅಂದ್ರ ಇಲ್ಲಿ ನಲವತ್ತು ಹುಡುಗರ ಪಾಠ ನಿಲ್ಲತದ’ ಎಂದು ಸ್ವಲ್ಪ ಹೆದರಿಸಿದೆ ಕೂಡ. ಮಾಸ್ತರನ ಹೆದರಿಕೆ ಸಾವಿರಾರು ಕಿಲೋಮೀಟರ್ ದೂರದಲ್ಲಿಯೂ ನಡೆಯುತ್ತದೆ ಎಂದು ಅವತ್ತು ತಿಳಿಯಿತು.

ಮೊದಲ ಹತ್ತು ಹನ್ನೆರಡು ದಿನ ಅವನಿಂದ ಬಂದದ್ದು ಒಂದೇ ಶಬ್ದ: ‘ಮೋಡ.’ ನಮ್ಮ ಮಕ್ಕಳಿಗೆ ಅಷ್ಟು ದಿನ ಸೂರ್ಯ ಕಾಣದೆ ಇರುವುದೇ ದೊಡ್ಡ ಸುದ್ದಿಯಾಯಿತು. ಜನವರಿ 10ರಂದು ಆಕಾಶ ತಿಳಿಯಾಯಿತು, ಚಳಿ ಮೈನಸ್ 24. ಅವತ್ತು ಅವನ ಕೋಲಿನ ನೆರಳು 4 ಮೀಟರ್ 60 ಸೆಂಟಿಮೀಟರ್! ನಮ್ಮ ಅಂಗಳದಲ್ಲಿ ಅದೇ ಉದ್ದದ ಕೋಲಿನ ನೆರಳು 79 ಸೆಂಟಿಮೀಟರ್. ಮಕ್ಕಳು ಅವನ ನೆರಳಿನಷ್ಟು ಉದ್ದದ ಗೆರೆಯನ್ನು ಸುಣ್ಣದಿಂದ ಅಂಗಳದಲ್ಲಿ ಎಳೆದು, ಅದರ ಮೇಲೆ ಸಾಲಾಗಿ ಮಲಗಿ ಚಿತ್ರ ತೆಗೆಸಿ ಅವನಿಗೆ ಕಳಿಸಿದರು. ಬಹಳ ದಿನಗಳ ಮೇಲೆ ಅವನು ನಕ್ಕನೆಂದು ಜೊತೆಗಾರ ಹೇಳಿದ.

ಜನವರಿ 20ಕ್ಕೆ ನೆರಳು ನಾಲ್ಕು ಮೀಟರಿಗೆ ಇಳಿದಿತ್ತು. ಫೆಬ್ರುವರಿ 20ರ ಹೊತ್ತಿಗೆ ಎರಡು ಮೀಟರ್ ಮೂವತ್ತು, ಹೆಚ್ಚುಕಡಿಮೆ ಅರ್ಧ. ಹೊರಗೆ ಚಳಿ ಇನ್ನೂ ಹಾಗೆಯೇ ಇತ್ತು. ನೆಲ, ನದಿ, ಕಟ್ಟಡ ಎಲ್ಲ ತಣ್ಣಗಾಗಿ ಕುಳಿತಿದ್ದರಿಂದ ಬಿಸಿಲು ಮರಳಿದರೂ ಬೆಚ್ಚಗಾಗಲು ವಾರಗಟ್ಟಲೆ ಬೇಕು. ಆದರೆ ಸೂರ್ಯ ಮೇಲೇರುತ್ತಿದ್ದಾನೆ ಎಂಬುದಕ್ಕೆ ಅವನ ಕೈಯಲ್ಲಿ ಲೆಕ್ಕವಿತ್ತು. ‘ಚಳಿ ಕಡಿಮಿ ಆಗಿಲ್ರಿ ಸರ, ಖರೆ ನೆಳ್ಳು ಸಣ್ಣದಾಗಾಕತ್ತದ’ ಎಂದು ಬರೆದಿದ್ದ. ಆ ಹೊತ್ತಿಗೆ ತರಗತಿಗೂ ಹೋಗುತ್ತಿದ್ದ. ಒಂದು ವಿಷಯದಲ್ಲಿ ನಪಾಸಾಗಿ ಮತ್ತೆ ಬರೆದು ಪಾಸಾದ. ಫೆಬ್ರುವರಿ ಕೊನೆಗೆ ಪಕ್ಕದ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಅದೇ ಊರಿಗೆ ಮರಳುವವನಿದ್ದ. ನಾನೇ ಅವರ ಮನೆಗೆ ಹೋಗಿ, ಆ ತಾಯಿಯ ಮುಂದೆ ನಿಂತು, ಕೌದಿ ಕೊಡಿರಿ ಎಂದು ಕೇಳಿದೆ. ಅವಳು ಅದನ್ನು ಬಿಸಿಲಿಗೆ ಹಾಕಿ, ಮಡಿಸಿ, ಯಾವತ್ತೋ ತಯಾರು ಮಾಡಿ ಇಟ್ಟಿದ್ದಳು. ಅದು ಎರಡು ಕಿಲೋ ಎಂಟುನೂರು ಗ್ರಾಂ ತೂಗಿತು. ಅಷ್ಟು ತೂಕ ಉಳಿಸಲು ನಾನು ಅಷ್ಟು ಬುದ್ಧಿ ಖರ್ಚು ಮಾಡಿದ್ದೆ.

2024ರ ಬೇಸಿಗೆಯಲ್ಲಿ ಅವನು ಊರಿಗೆ ಬಂದಿದ್ದ. ಸ್ವಲ್ಪ ತೆಳ್ಳಗಾಗಿದ್ದ, ಮಾತು ಕಡಿಮೆಯಾಗಿತ್ತು. ನಮ್ಮ ಮಕ್ಕಳಿಗೆ ಹಿಮದ ಕಥೆ ಹೇಳಿದ. ಒಬ್ಬ ಹುಡುಗಿ, ‘ಅಣ್ಣಾ, ಅಲ್ಲಿ ಎಲ್ಲಾಕಿಂತ ತ್ರಾಸಿಂದು ಯಾವ್ದು?’ ಎಂದು ಕೇಳಿದಳು. ಚಳಿ ಎನ್ನುತ್ತಾನೆ ಅಂದುಕೊಂಡಿದ್ದೆ. ‘ಆರಾಮ ಅದೀನಿ ಅಂತ ಫೋನಿನ್ಯಾಗ ಸುಳ್ಳು ಹೇಳೋದು’ ಎಂದ. ಬಾಗಿಲಲ್ಲಿ ನಿಂತಿದ್ದ ಅವನ ತಂದೆ ಮುಖ ಆಚೆ ತಿರುಗಿಸಿದರು.

ಅವನ ಓದು ಇನ್ನೂ ಮುಗಿದಿಲ್ಲ. ಮುಗಿದ ಮೇಲೆ ಇಲ್ಲಿ ಬಂದು ಅರ್ಹತಾ ಪರೀಕ್ಷೆ ಪಾಸಾಗಬೇಕು, ಅದು ಸುಲಭದ್ದಲ್ಲ. ಹೊಲ ಇನ್ನೂ ಅಡವಿನಲ್ಲಿಯೇ ಇದೆ. ಕಳಿಸಿದ್ದು ಸರಿಯೋ ತಪ್ಪೋ ಎಂದು ಕೇಳಿದರೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ. ಆದರೆ ಈಗ ಯಾರಾದರೂ ಕರಪತ್ರ ಹಿಡಿದು ಬಂದರೆ ‘ಹೂಂ’ ಎನ್ನುವ ಮೊದಲು ಕೆಲವು ಪ್ರಶ್ನೆ ಕೇಳುತ್ತೇನೆ. ನೀಟ್ ಅರ್ಹತೆ ಇದೆಯೇ? 2021ರ ನವೆಂಬರ್‌ನಲ್ಲಿ ಬಂದ ನಿಯಮಗಳ ಪ್ರಕಾರ ಅಲ್ಲಿಯ ಓದು ಕನಿಷ್ಠ 54 ತಿಂಗಳಿದ್ದು, ಇಂಗ್ಲಿಷಿನಲ್ಲಿದ್ದು, 12 ತಿಂಗಳ ತರಬೇತಿಯೂ ಅಲ್ಲಿಯೇ ಆಗುತ್ತದೆಯೇ? ಇವನ್ನು ಏಜೆಂಟಿನ ಬಾಯಿಂದ ಕೇಳಿದರೆ ಸಾಲದು, ಕಾಗದದ ಮೇಲೆ ನೋಡಬೇಕು. ಜನವರಿ ತಿಂಗಳಲ್ಲಿ ತೆಗೆದ ಆ ಊರಿನ ಚಿತ್ರ ಇದೆಯೇ? ಈಗ ಅಲ್ಲಿ ಓದುತ್ತಿರುವ ಒಬ್ಬ ಹುಡುಗನ ಹತ್ತಿರ, ಏಜೆಂಟು ಎದುರಿಗಿಲ್ಲದಾಗ, ಮಾತಾಡಿದ್ದೀರಾ? ಕೊನೆಯದಾಗಿ, ‘ನನಗ ಇಲ್ಲಿ ಆಗವಲ್ದು’ ಎಂದು ಮಗ ಹೇಳಿದರೆ ಬೈಯದೆ ಕೇಳಿಸಿಕೊಳ್ಳುತ್ತೀರಾ?

ವಿದ್ಯಾರ್ಥಿಗಳಿಗೂ ಒಂದು ಮಾತು. ಗೊತ್ತಿಲ್ಲದ್ದನ್ನು ಕೇಳಲು ಸಂಕೋಚ ಬೇಡ. ಕಂಬಳಿಯ ಮೇಲೆ ಮಲಗಿ ನಡುಗುವುದಕ್ಕಿಂತ ಪಕ್ಕದ ಕೋಣೆಯವರನ್ನು ಕೇಳುವುದು ಲೇಸು. ಜೊತೆಗಾರ ಎರಡು ದಿನ ಹಾಸಿಗೆ ಬಿಟ್ಟು ಏಳದಿದ್ದರೆ ಅವನ ಮನೆಗೆ ಫೋನು ಮಾಡುವುದು ಚಾಡಿ ಹೇಳಿದಂತಲ್ಲ.

ಈ ವರ್ಷವೂ ಮಂಜುಗಡ್ಡೆಯ ಪ್ರಯೋಗ ಮಾಡಿದೆ. ಕಂಬಳಿಯ ಬದಲು ನಮ್ಮ ಮನೆಯ ಹಳೆಯ ಕೌದಿ ತೆಗೆದುಕೊಂಡು ಹೋಗಿದ್ದೆ. ಎರಡು ಪೀರಿಯಡ್ ಆದ ಮೇಲೆ ಬಿಚ್ಚಿದಾಗ ಗಡ್ಡೆ ಹಾಗೆಯೇ ಇತ್ತು. ‘ಕೌದಿಗೆ ತನ್ನ ಬಿಸಿ ಇಲ್ಲ, ತನ್ನ ತಂಪೂ ಇಲ್ಲ’ ಎಂದು ಹೇಳಿ, ಎಂದಿನಂತೆ ಎರಡು ಅಂಕದ ಉತ್ತರ ಬರೆಸಿದೆ. ಆಮೇಲೆ ಪುಸ್ತಕ ಮುಚ್ಚಿಸಿ, ಅದನ್ನು ಬಿಟ್ಟು ಹೋದ ಹುಡುಗನ ಕಥೆಯನ್ನೂ, ಬಿಟ್ಟು ಹೋಗು ಎಂದ ಮಾಸ್ತರನ ಕಥೆಯನ್ನೂ ಹೇಳಿದೆ.